ಎರವಲು ಎತ್ತು, ಎರವಲು ಸಲಹೆಗಾರ

ವರ್ಷ ಯಾವುದೆಂದು ಕೇಳಬೇಡಿ. ಯುದ್ಧ ನಡೆಯುತ್ತಿತ್ತು, ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು, ನನ್ನ ತಲೆಯಲ್ಲಿ ಸದಾ ಗಾಳಿಪಟ ಹಾರುತ್ತಿತ್ತು. ಇಷ್ಟು ಖಚಿತ.

ಮಂಡ್ಯದ ಸುತ್ತ ಕಬ್ಬಿನ ದುಡ್ಡು ಓಡಾಡತೊಡಗಿದ ಕಾಲ. ಅದನ್ನು ಮಡಕೆಯಲ್ಲಿ ಹೂಳದೆ ಅಂಚೆ ಕಚೇರಿಯಲ್ಲಿಡಬೇಕೋ, ಬ್ಯಾಂಕಿನಲ್ಲೋ, ವಿಮೆಗೆ ಕಟ್ಟಬೇಕೋ ಎಂದು ಹೇಳಿಕೊಡುವುದು ನನ್ನ ಕಸುಬು. ಸಲಹೆ ಪುಕ್ಕಟೆ, ವಿಮೆ ಮಾಡಿಸಿದರೆ ಕಂಪನಿಯಿಂದ ಕಮಿಷನ್ನು. ಯಾರೂ ಮಾಡಿಸುತ್ತಿರಲಿಲ್ಲ. ಕಬ್ಬು ಅರೆಯುವ ಹಂಗಾಮು ಮುಗಿಯುವುದರೊಳಗೆ ಗಿರಾಕಿ ತರದಿದ್ದರೆ ಏಜೆನ್ಸಿ ಬೇರೆಯವರಿಗೆ ಎಂದು ಇನ್ಸ್‌ಪೆಕ್ಟರು ಹೇಳಿಹೋಗಿದ್ದರು. ಆಮೇಲೆ ನನಗೆ ಉಳಿಯುವುದು ಮಾವನವರ ರಾಗಿ ಮಂಡಿ, ಜೊತೆಗೆ ಮಾವನವರು.

ಗುರುತಿಲ್ಲದವನ ಮುಂದೆ ಯಾರು ದುಡ್ಡಿನ ಮಾತೆತ್ತುತ್ತಾರೆ? ಮಳವಳ್ಳಿಯಲ್ಲಿ ಸಂಬಂಧ ಕುದುರಿಸುವ ಅಮ್ಮ ಒಬ್ಬರಿದ್ದರು. ಅವರು ಕಾಲಿಡದ ಮನೆಯಿರಲಿಲ್ಲ. ನನ್ನನ್ನು ಮನೆಗಳಿಗೆ ಪರಿಚಯ ಮಾಡಿಕೊಡಿ, ಮದುವೆ ವಯಸ್ಸಿನವರು ಎಲ್ಲಿ ಕಂಡರೂ ನಿಮಗೆ ತಿಳಿಸುತ್ತೇನೆ ಎಂದೆ. ಇಷ್ಟು ಚೊಕ್ಕವಾಗಿ ಆಗ ಮಾತಾಡುತ್ತಿದ್ದೆನೇ? ಅನುಮಾನ. ಅವರ ಉತ್ತರ ಮಾತ್ರ ಕಿವಿಯಲ್ಲಿದೆ.

“ಅದುಕ್ಕೇನ್ ಬುಡು. ಬಾಯಿ ಮುಚ್ಕೊಂಡು ಕೂರಕ್ಕೆ ಬತ್ತದಾ ನಿಂಗೆ?”

ಮದ್ದೂರು ಕಡೆಯಿಂದ, ಮುತ್ತತ್ತಿ ದಾರಿಯ ಊರುಗಳಿಂದ ಒಂದರ ಹಿಂದೊಂದು ಕರೆ. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸುತ್ತಿದ್ದರು. ಮಜ್ಜಿಗೆ, ಹುರಿದ ಕಡಲೇಕಾಯಿ, ಮತ್ತೆ ಮಜ್ಜಿಗೆ. ವಿಮೆಯ ಮಾತೆತ್ತಿದರೆ, “ಅವಸರ ಏನು, ಇನ್ನೊಸಿ ಕೂತ್ಕಳಿ” ಎನ್ನುತ್ತಿದ್ದರು. ಕಡಲೇಕಾಯಿ ತಿಂದು ತಿಂದು ನನಗೆ ವಿಷಯ ಹೊಳೆಯಿತು. ದುಡ್ಡಿನ ಸಲಹೆಗಾರನ ಸೈಕಲ್ಲು ಬಾಗಿಲಲ್ಲಿ ನಿಂತರೆ ಆ ಮನೆಯಲ್ಲಿ ದುಡ್ಡಿದೆ ಎಂದು ಊರು ತೀರ್ಮಾನಿಸುತ್ತದೆ. ಮಗನಿಗೆ ಒಳ್ಳೆಯ ಕಡೆ ಹೆಣ್ಣು ಸಿಗುತ್ತದೆ. ಅಮ್ಮ ನನ್ನನ್ನು ಉತ್ಸವಮೂರ್ತಿಯ ಹಾಗೆ ಊರೂರು ಮೆರೆಸುತ್ತಿದ್ದರು. ಸಿಟ್ಟು ಬರಬೇಕಿತ್ತು. ನಗು ಬಂದು ಸೈಕಲ್ಲಿನಿಂದ ಕಬ್ಬಿನ ಗದ್ದೆಗೆ ಬಿದ್ದೆ. ಗದ್ದೆ ಆಮೇಲೆ ಸೇರಿಸಿಕೊಂಡದ್ದಿರಬಹುದು, ಬಿದ್ದದ್ದು ನಿಜ.

ಕೊನೆಗೆ ಹಲಗೂರಿನ ಒಂದು ಮನೆ. ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯವರು ಬರುವ ದಿನ.

“ಇದೊಂದು ಕುದುರ್ಲಿ, ಅಪ್ಪ ಮಕ್ಕಳು ಎಲ್ಲಾರೂ ನಿನ್ ತಾವ ವಿಮೆ ಮಾಡುಸ್ತಾರೆ. ಮಾತು ತಕೊಂಡಿವ್ನಿ” ಎಂದರು ಅಮ್ಮ. ಹಂಗಾಮಿನ ಕೊನೆಯ ವಾರ. ನನ್ನ ಏಜೆನ್ಸಿ ಪೂರ್ತಿ ಆ ಜಗಲಿಯ ಮೇಲೆ ಕೂತಿತ್ತು.

ಹಿತ್ತಾಳೆ ಹಂಡೆ ನೆಂಟರ ಮನೆಯದು, ಕೊಟ್ಟಿಗೆಯ ಜೋಡಿ ಎತ್ತು ಪಕ್ಕದ ಮನೆಯವು. ಹೆಣ್ಣಿನ ಅಜ್ಜಿ ಎಲ್ಲವನ್ನೂ ತಲೆಯಾಡಿಸುತ್ತಾ ನೋಡಿದರು. ಅಷ್ಟರಲ್ಲಿ ಯಾರೋ ಎತ್ತುಗಳನ್ನು ನೀರಿಗೆ ಬಿಚ್ಚಿದರು. ನೀರು ಕುಡಿದವು, ಬಾಲ ಬೀಸಿದವು, ನೆಟ್ಟಗೆ ಪಕ್ಕದ ಮನೆಗೆ ನಡೆದವು.

ಅಜ್ಜಿ ನನ್ನತ್ತ ತಿರುಗಿದರು. “ಅವು ಅವುಗಳ ಕೊಟ್ಟಿಗೆ ದಾರಿ ಇಡುದ್ವು. ನಿಂದ್ಯಾವ ಕೊಟ್ಟಿಗೆ ಕಣಪ್ಪ?”

“ಮಂಡ್ಯ, ಅಜ್ಜಿ. ದುಡ್ಡು ಎಲ್ಲಿ ಮಡಗ್ಬೇಕು ಅಂತ ಯೋಳ್ಕೊಡ್ತೀನಿ.”

“ಈ ಮನೇರು ನಿನ್ ತಾವ ಏಟು ಮಡಗವ್ರೆ?”

ಕಂಬದ ಹಿಂದಿನಿಂದ ಅಮ್ಮ ಎರಡೂ ಕೈ ಅಗಲಿಸಿ ತೋರಿಸಿದರು: ಬೇಕಾದಷ್ಟು. ಒಂದು ಸುಳ್ಳು ಸಾಕಿತ್ತು. ಬಾಯಿ ತೆರೆದೆ.

“ಒಬ್ರ ಮನೆ ಇಸ್ಯ ಇನ್ನೊಬ್ರಿಗೆ ಯೋಳಕ್ಕಿಲ್ಲ ಅಜ್ಜಿ.”

ಸತ್ಯಕ್ಕೆ ಅಂಜಿದೆನೋ, ಸುಳ್ಳಿಗೆ ಅಂಜಿದೆನೋ, ಇವತ್ತಿಗೂ ತಿಳಿಯದು. ಅಮ್ಮ ಕೈ ಇಳಿಸಿ ಕಣ್ಣು ಮುಚ್ಚಿಕೊಂಡರು.

“ಕೇಳ್ದೋನು ಹೆತ್ತ ಮಗನೇ ಆದ್ರೆ?” ಅಜ್ಜಿ ಬಿಡಲಿಲ್ಲ.

“ಆದ್ರೂ ಇಲ್ಲ.”

“ಕಟ್ಕೊಂಡ ಗಂಡ?”

“ಮೀಸೆ ತಿರುವ್ಕೊಂಡು ಬಂದ್ರೂ ಇಲ್ಲ.”

ಅಜ್ಜಿ ಯಜಮಾನರಿಗೆ ಹೇಳಿದರು: “ಎತ್ತು ಯಾರ್ವಾರ ಆಗ್ಲಿ, ನಿಮ್ ಹುಡ್ಗ ನೆಟ್ಟಗವ್ನೆ. ಯೋಳಿ ಕಳುಸ್ತೀವಿ.” ಮೆಟ್ಟಿಲಿಳಿಯುವಾಗ ನನ್ನ ಪಕ್ಕ ನಿಂತು ದನಿ ತಗ್ಗಿಸಿದರು: “ನಾಳೀಕೆ ನಮ್ಮೂರ್ಗೆ ಬಾ. ಜಗಲಿಗಲ್ಲ. ಇತ್ಲು ಕಡೆಯಿಂದ ಬಾ.”

ಹಿತ್ತಲಲ್ಲಿ ನುಗ್ಗೆಮರ ಇತ್ತೆಂದು ಬರೆಯಲು ಕೈ ತುರಿಸುತ್ತಿದೆ. ನನಗೆ ನೆನಪಿರುವುದು ಎಮ್ಮೆ. ಎಮ್ಮೆಯ ಮರೆಯಲ್ಲಿ ಅಜ್ಜಿ ಒಬ್ಬರೇ ಅಲ್ಲ, ಅವರ ವಾರಗೆಯ ಹೆಂಗಸರು ಸಾಲಾಗಿ ಕೂತಿದ್ದರು. ತುಪ್ಪ ಮಾರಿದ್ದು, ಕೋಳಿ ಮಾರಿದ್ದು, ಗಂಡಸರಿಗೆ ಕಾಣದಂತೆ ಕೂಡಿಟ್ಟದ್ದು ಎಲ್ಲರ ಸೆರಗಿನಲ್ಲೂ ಇತ್ತು. ಮೊಮ್ಮಗಳ ಹೆಸರಿಗೆ ಅಂಚೆ ಕಚೇರಿ, ಮೊಮ್ಮಗನ ಹೆಸರಿಗೆ ವಿಮೆ ಎಂದು ನಾನು ಹೇಳುತ್ತಾ ಹೋದೆ, ಅವರು ಗಂಟು ಬಿಚ್ಚುತ್ತಾ ಹೋದರು. ನನ್ನ ಏಜೆನ್ಸಿ ಎಮ್ಮೆಯ ಹಿಂದೆ ಬದುಕಿಕೊಂಡಿತು.

“ಯಾರ್ಗೂ ಯೋಳ್ಬ್ಯಾಡ” ಎಂದು ಒಬ್ಬೊಬ್ಬರೂ, ಉಳಿದವರಿಗೆಲ್ಲ ಕೇಳುವಂತೆ, ಗುಟ್ಟಾಗಿ ಹೇಳಿದರು. ಅಷ್ಟು ಹೊತ್ತಿಗೆ ಅವರಲ್ಲೊಬ್ಬರು ಸೀರೆ ಎತ್ತಿ ಕಟ್ಟಿ, ಮುಂದಿನ ಹಿತ್ತಲಿಗೆ ನನ್ನನ್ನು ಕರೆದೊಯ್ಯಲು ಬೇಲಿ ದಾಟುತ್ತಿದ್ದರು.