ಮಾಯಿಲಪ್ಪನ ನೀರುನಾಯಿ

ಮಾಯಿಲಪ್ಪನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಜೇಬಿನಲ್ಲಿ ಪೆನ್ನು, ಕಾಲಲ್ಲಿ ಬೂಟು. ಅವನು ದುಬಾರೆಯ ಕೆಳಗೆ ಕಾವೇರಿ ದಾಟಿಸುವ ಹರಿಗೋಲಿನವನು, ಹಾಸನದ ಕಡೆಯಿಂದ ಬಂದು ನೆಲೆಸಿದವನು. ಹೆಂಡತಿ ಲಿಂಗಮ್ಮ ತೀರಿಕೊಂಡ ಮೇಲೆ ದಡದ ಗುಡಿಸಲಲ್ಲಿ ಒಬ್ಬನೇ ಇದ್ದ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡನೆಯ ವರ್ಷ. ಹೊಳೆಯಲ್ಲಿ ಹಿಂದೆ ನೀರುನಾಯಿಗಳು ಹಿಂಡು ಹಿಂಡಾಗಿದ್ದವಂತೆ. ಚರ್ಮದಾಸೆಗೆ ಹೊಡೆದೂ ಹೊಡೆದೂ ನಮ್ಮ ಹರಿಗೋಲಿನ ಕಡವಿನಲ್ಲಿ ಉಳಿದದ್ದು ಒಂದೇ ಒಂದು. ಕಾಫಿ ಪಿಕಿಂಗ್ ದಿನಗಳಲ್ಲಿ ನೀರಿಳಿದು ಮರಳದಿಬ್ಬ ಎದ್ದರೆ, ಅದು ಬೆಳಗಿನ ಬಿಸಿಲಿಗೆ ಅಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗುತ್ತಿತ್ತು. ಮಾಯಿಲಪ್ಪ ಮಾರುದೂರದಲ್ಲಿ ಕುಳಿತು ಬೀಡಿ ಸೇದಿದರೂ ಏಳುತ್ತಿರಲಿಲ್ಲ. ನಾನು ಇಪ್ಪತ್ತು ಮಾರು ದೂರದಲ್ಲಿ ಕಾಲಿಟ್ಟರೆ ಸಾಕು, ಬುಳಕ್ಕನೆ ನೀರಿಗೆ.

"ಇದೇನಯ್ಯ, ನನ್ನ ಕಂಡ್ರೆ ಮಾತ್ರ ಓಡ್ತದೆ?" ಎಂದೆ ಒಮ್ಮೆ.

"ಒಗ್ಗಬೇಕು ರೈಟ್ರೇ. ನಂಗೂ ಎರಡು ವರ್ಷ ಹಿಡೀತು" ಎಂದು ನಕ್ಕ. ಆ ನಗು ನನ್ನ ಮೈ ಉರಿಸಿತು. ಹರಿಗೋಲಿಗೆ ಕಾಯುವವರೆಲ್ಲ ಅವನನ್ನೇ ಸುತ್ತುವರಿದು ನೀರುನಾಯಿಯ ವಿಷಯ ಕೇಳುತ್ತಿದ್ದರು. ಧಣಿ ಕುಟ್ಟಪ್ಪನವರೂ ನೆಂಟರನ್ನು ಕರೆತಂದು, "ಮಾಯಿಲಪ್ಪ, ತೋರ್ಸು ಮಾರಾಯ" ಎನ್ನುತ್ತಿದ್ದರು. ಆ ನೆಂಟರು ಬಿಚ್ಚಿಟ್ಟ ಚಪ್ಪಲಿ ಕಾಯುವ ಕೆಲಸ ನನಗೆ.

ಜನವರಿಯ ಒಂದು ಬೆಳಿಗ್ಗೆ ಅವನಿಗೆ ಜ್ವರ. ಗುಡಿಸಲಿನಿಂದಲೇ ನನ್ನನ್ನು ಕೂಗಿದ.

"ರೈಟ್ರೇ, ಅದು ಬಂದೈತಾ ಒಸಿ ನೋಡ್ಕಂಡು ಬನ್ನಿ. ಚಳಿ ಜಾಸ್ತಿ ಐತೆ, ನನ್ ಕಂಬಳಿ ಹೊದ್ಕಳಿ."

ಮೀನು, ಹೊಗೆ ನಾರುವ ಆ ಕಂಬಳಿಯನ್ನು ತಲೆ ಮುಚ್ಚುವಂತೆ ಕೊಪ್ಪೆ ಹಾಕಿಕೊಂಡು ದಿಬ್ಬಕ್ಕೆ ಹೋದೆ. ನೀರುನಾಯಿ ತಲೆಯೆತ್ತಿ ಮೂಸಿ ನೋಡಿತು, ಮತ್ತೆ ಮಲಗಿತು. ನಾನು ಮಾರುದೂರದಲ್ಲಿ ಕುಳಿತೆ. ಅದರ ಮೀಸೆಯ ಮೇಲಿನ ನೀರಹನಿ ಕಾಣುತ್ತಿತ್ತು. ಒಂದು ಗಳಿಗೆ ನನ್ನಂಥ ಸುಖಿ ಯಾರೂ ಇರಲಿಲ್ಲ. ಆಮೇಲೆ ಹೊಳೆಯಿತು, ಇದು ನನ್ನನ್ನು ನಂಬಿ ಮಲಗಿಲ್ಲ, ಈ ಕಂಬಳಿಯ ವಾಸನೆ ನಂಬಿ ಮಲಗಿದೆ. ಇಲ್ಲಿಯೂ ಅವನೇ! ಕೈಗೆ ಸಿಕ್ಕ ಕಲ್ಲನ್ನು ಬೀಸಿ ಎಸೆದೆ. ಸೊಂಟಕ್ಕೆ ತಾಗಿತು. ಕಿರುಚಿಕೊಂಡು, ಹಿಂಗಾಲು ಎಳೆಯುತ್ತ ಅದು ನೀರಿಗಿಳಿಯಿತು.

"ಹತ್ರ ಬಿಟ್ಕಂತಾ?" ಗುಡಿಸಲಿಗೆ ಮರಳಿದಾಗ ಮಾಯಿಲಪ್ಪ ಎದ್ದು ಕುಳಿತು ಕೇಳಿದ.

"ಬಿಟ್ಕೊಂತು."

"ನಾ ಹೇಳ್ಲಿಲ್ವಾ!" ಜ್ವರದಲ್ಲೂ ಅವನ ಮುಖ ಅರಳಿತು.

ವಾರದ ಮೇಲೆ ಅದೇ ಕಂಬಳಿ ಹೊದ್ದು ಅವನು ದಿಬ್ಬಕ್ಕೆ ಹೋದ. ನೀರುನಾಯಿ ದೂರದಿಂದಲೇ ಕಂಬಳಿಯ ವಾಸನೆ ಹಿಡಿದು, ಕುಂಟುತ್ತ ಹೋಗಿ ಹೊಳೆಗೆ ಬಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ನಾನು ಬಯಸಿದ್ದೇ ಆಗಿತ್ತು. ಈಗ ನಾವಿಬ್ಬರೂ ಒಂದೇ.

ನಾಲ್ಕನೆಯ ದಿನ ಅವನು ದಡದಲ್ಲಿ ನನ್ನ ದಾರಿ ಕಾಯುತ್ತಿದ್ದ. ಅವನ ಮುಖದಲ್ಲಿ ನನ್ನ ಮೇಲಿನ ಹೊಟ್ಟೆಕಿಚ್ಚನ್ನು ಹುಡುಕಿದೆ. ಚೂರೂ ಇರಲಿಲ್ಲ.

"ಅದ್ರ ಕಾಲಿಗೆ ಏನೋ ಪೆಟ್ಟಾಗೈತೆ ರೈಟ್ರೇ. ನಾನು ಹೋದ್ರೆ ಓಡೋಗ್ತದೆ. ನಿಮ್ಮನ್ನ ನಂಬ್ತದಲ್ಲಾ, ನೀವೇ ಹೋಗಿ ನೋಡಿ" ಎಂದ. ಎಲೆಯಲ್ಲಿ ಕಟ್ಟಿದ ಮೀನನ್ನು ನನ್ನ ಕೈಗಿಟ್ಟು, ಅದು ಹೆದರದಿರಲೆಂದು ತಾನು ಮರದ ಮರೆಗೆ ಸರಿದ.