ಮನೆದೇವರ ಹೆಸರು

ನನ್ನ ಇ-ಮೇಲ್‌ಗೆ ಯಾರೋ ಹೊಕ್ಕಿದ್ದರು. ಕಡೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನವರು ತೋರಿಸಿದಾಗ ಪರದೆಯ ಮೇಲೆ, ಲಾಗಿನ್ ಆದ ಜಾಗ ಎಂಬಲ್ಲಿ, ನಾನೆಂದೂ ಕಾಣದ ಊರೊಂದರ ಹೆಸರಿತ್ತು.

"ಪಾಸ್‌ವರ್ಡ್ ಏನಿತ್ತು ಮೇಡಂ?"

ತವರಿನ ಮನೆದೇವರ ಹೆಸರು, ಪಕ್ಕದಲ್ಲಿ ನಾನು ಹುಟ್ಟಿದ ವರ್ಷ. ಹೇಳಿದೆ.

ಅವರು ನಕ್ಕರು. "ನಮ್ ಸೀಮೇಲಿ ಬಸ್ಸಲ್ಲಿ ಪಕ್ಕ ಕೂತೋರು ಮೊದ್ಲು ಕೇಳೋದೇ ಯಾವೂರು, ಮನೆದೇವ್ರು ಯಾವ್ದು ಅಂತ. ಬೀಗದ ಕೈನ ಬಾಗ್ಲಿಗೇ ನೇತಾಕಿದ್ರಿ ಬಿಡಿ."

ಕಳ್ಳತನವೆಂದರೆ ಇದ್ದದ್ದು ಇಲ್ಲವಾಗುವುದು ಎಂದುಕೊಂಡಿದ್ದೆ. ಇಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ತಂಗಿಯ ರಿಪೋರ್ಟುಗಳೂ ಇದ್ದವು.

ತಂಗಿಯನ್ನು ಅಜ್ಜಂಪುರಕ್ಕೆ ಕೊಟ್ಟಿದೆ. ಅವಳಿಗೆ ಮೂರ್ಛೆ ಬರುವುದು ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ತರೀಕೆರೆಯಲ್ಲಿ ತೋರಿಸಿಕೊಂಡು, ರಿಪೋರ್ಟನ್ನು ನನಗೆ ಕಳಿಸಿ, ತನ್ನ ಫೋನಿನಿಂದ ಅಳಿಸುತ್ತಿದ್ದಳು. ಅಕ್ಕನ ಹತ್ತಿರ ಇದ್ದರೆ ಭದ್ರ ಅಂತ.

ಫೋನ್ ಮಾಡಿ ತಿಳಿಸಿದೆ.

"ನೋಡ್ಬಿಟ್ರಾ ಅಕ್ಕಾ?"

"ಗೊತ್ತಾಗಲ್ಲ ಕಣೇ. ನಾನು ಮೊದ್ಲೇ ತೆಗ್ದು ನೋಡಿದ್ನಲ್ಲ, ಇನ್ನೊಬ್ರು ತೆಗೆದ್ರೂ ಗುರ್ತು ಉಳಿಯಲ್ಲ."

"ಅತ್ತೆಗೆ ಯಾರಾದ್ರೂ ಮುಟ್ಟಿಸಿದ್ರೆ?"

"ಅದ್ರಿಂದ ಯಾರಿಗೇನೇ ಲಾಭ?"

"ಲಾಭ ನೋಡ್ಕೊಂಡು ಚಾಡಿ ಹೇಳ್ತಾರೇನಕ್ಕಾ ಜನ?"

ಎಲ್ಲವನ್ನೂ ಅಳಿಸು ಎಂದಳು. ಅಳಿಸಿದೆ. ಆಮೇಲೆ ದೇವರ ಹೆಸರನ್ನು ಯಾರಿಗೆ ಹೇಳಿದ್ದೆ ಎಂದು ನೆನೆಯತೊಡಗಿದೆ. ಪಂಚನಹಳ್ಳಿ ಬಸ್ಸಿನಲ್ಲಿ ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಕಣ್ಣಿಗೆ ಬಂದಳು. ಅವಳು ನಿಜಕ್ಕೂ ಕೇಳಿದ್ದಳೋ, ಈಗ ನಾನೇ ಆ ಪ್ರಶ್ನೆಯನ್ನು ಅವಳ ಬಾಯಿಗೆ ಇಡುತ್ತಿದ್ದೇನೋ. ಆ ದಿನದ ಡೈರಿಯಲ್ಲಿ 'ಬಿಸಿಲು' ಎಂದಷ್ಟೇ ಇದೆ. ಭಯವಾಗಬೇಕಿತ್ತು, ಇಲ್ಲವೇ ಸಿಟ್ಟು ಬರಬೇಕಿತ್ತು. ಎರಡೂ ಇಲ್ಲ. ಅನ್ನಕ್ಕಿಟ್ಟೆ, ಉಂಡೆ.

ಮುಂದಿನ ರಿಪೋರ್ಟನ್ನು ತಂಗಿ ಕಳಿಸಲಿಲ್ಲ. ಸೊಪ್ಪಿನ ಚೀಲದ ತಳದಲ್ಲಿಟ್ಟು ತಾನೇ ತಂದಳು. ಅತ್ತೆ ಇದುವರೆಗೆ ಏನೂ ಅಂದಿಲ್ಲ. ಆದರೆ ಅವರ ಫೋನು ಸದ್ದು ಮಾಡಿದಾಗಲೆಲ್ಲ ಇವಳು ಕೈಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಾಳಂತೆ.

"ಓದ್ಕೊಂಡ್ಬಿಡಕ್ಕಾ. ನೀರೊಲೆಗೆ ಹಾಕಿ ಹೋಗ್ತೀನಿ."

"ಡಾಕ್ಟ್ರು ಹಳೇದು ತೋರ್ಸಿ ಅಂದ್ರೆ?"

"ನೀನಿದೀಯಲ್ಲ, ಹೇಳಕ್ಕೆ. ಓದ್ದೋಳು."

ಓದಿದೆ. ಅವಳು ಅದನ್ನು ಮಡಚಿ ಬಚ್ಚಲ ಒಲೆಗೆ ತುರುಕಿದಳು. ಹಾಳೆ ಸುರುಟಿಕೊಂಡು ಕಪ್ಪಾಗುವವರೆಗೂ ಇಬ್ಬರೂ ನಿಂತಿದ್ದೆವು. ಅವಳು ಸೀರೆಯ ಮೇಲಿನ ಬೂದಿ ಕೊಡವಿಕೊಂಡು ಬಸ್ಸಿಗೆ ಹೊರಟಳು.

ಸಂಜೆ ಡೈರಿ ತೆರೆದು, ಏನೂ ಬರೆಯದೆ ಮುಚ್ಚಿದೆ. ಇನ್ನು ಆ ರಿಪೋರ್ಟು ನನ್ನೊಳಗೆ ಮಾತ್ರ ಇದೆ, ಯಾರೂ ಹೊಗಲಾರರು. ಮೂರ್ಛೆ ಶುರುವಾಗುವುದು ತಲೆಯ ಎಡಭಾಗದಲ್ಲಿ ಎಂದು ಬರೆದಿತ್ತು.

ಎಡಭಾಗವೇ ಇರಬೇಕು.