ಒಣಗಿಸದ ಮರಗೆಣಸಿನ ಸೊಪ್ಪು

ಕೋವಿಡ್ ಮುಗಿದ ಮರುವರ್ಷ ನಾನು ಎರ್ನಾಕುಲಂನ ಒಂದು ಸಂಸ್ಥೆಯಲ್ಲಿ ಬಿಸಿನೆಸ್ ಅಡ್ವೈಸರ್ ಆಗಿದ್ದೆ. ಸಣ್ಣ ಸಾಕಣೆದಾರರಿಗೆ ಯೋಜನೆ ಬರೆದುಕೊಡುವುದು, ಖರೀದಿದಾರರನ್ನು ಹುಡುಕುವುದು ನನ್ನ ಕೆಲಸ. ಕಾಸರಗೋಡಿನವಳು, ಎಂ.ಬಿ.ಎ. ಓದಿದವಳು. ಮಲಯಾಳಂ ಬರುತ್ತಿತ್ತು, ಆಡು ಸಾಕಿ ಗೊತ್ತಿರಲಿಲ್ಲ.

ಅಂಬಲಮುಗಳ್ ಬಳಿಯ ಲೀಲಚೇಚಿಯ ಕೊಟ್ಟಿಗೆಯಲ್ಲಿ ಹದಿನಾಲ್ಕು ಮಲಬಾರಿ ಆಡುಗಳಿದ್ದವು. ಚೇಚಿ ಎಂದರೆ ಅಕ್ಕ; ಆಕೆ ನನ್ನನ್ನು ಕರೆಯುತ್ತಿದ್ದದ್ದು ಮೋಳೇ, ಅಂದರೆ ಮಗಳೇ, ಎಂದು. ಅವುಗಳಲ್ಲಿ ಎಂಟನ್ನು ತಳಿಗಾಗಿ ಕೊಳ್ಳಲು ತಿರುವನಂತಪುರದ ಒಂದು ಫಾರ್ಮ್ ಒಪ್ಪಿತ್ತು. ಅದು ಕೈಗೂಡಿದರೆ ಚೇಚಿ ಇನ್ನು ಕಸಾಯಿಯವರ ತಕ್ಕಡಿಯ ಮುಂದೆ ನಿಲ್ಲಬೇಕಿರಲಿಲ್ಲ.

ಆಕೆ ಮರಗೆಣಸಿನ ಸೊಪ್ಪನ್ನು ಟೆರೇಸಿನಲ್ಲಿ ಹರಡಿ, ಎರಡು ಬಿಸಿಲು ಕಂಡ ಮೇಲೆಯೇ ಆಡುಗಳಿಗೆ ಹಾಕುತ್ತಿದ್ದಳು. ದಿನಕ್ಕೆ ಎರಡು ಗಂಟೆ ಇದಕ್ಕೇ ಹೋಗುತ್ತಿತ್ತು.

“ಯಾಕೆ ಒಣಗಿಸೋದು ಚೇಚಿ?”

“ಅಮ್ಮ ಹಾಗೇ ಮಾಡ್ತಿದ್ದಳು ಮೋಳೇ.”

“ಹಸಿ ಸೊಪ್ಪು ತಿನ್ನಲ್ವಾ?”

“ತಿನ್ನದೆ ಏನು? ಬಿಟ್ಟರೆ ನಿನ್ನ ಲ್ಯಾಪ್‌ಟಾಪೂ ತಿಂತದೆ.”

ಇಬ್ಬರೂ ನಕ್ಕೆವು. ಯೋಜನೆಯಿಂದ ಒಣಗಿಸುವ ಆ ಎರಡು ಗಂಟೆ ತೆಗೆದುಹಾಕಿದೆ. ಆ ಹೊತ್ತಿನಲ್ಲಿ ತೂಕ, ಲಸಿಕೆಯ ದಾಖಲೆ ಬರೆದಿಡಿ ಎಂದೆ.

ಲಾರಿ ಬರಲು ಮೂರು ದಿನವಿತ್ತು. ಕಿವಿಯ ಟ್ಯಾಗ್ ಪರಿಶೀಲಿಸಲು ಹೋಗಿದ್ದೆ. ಪಕ್ಕದವರು ಮರಗೆಣಸು ಕಿತ್ತು, ಹಸಿ ಸೊಪ್ಪು ಹೊರೆಗಟ್ಟಲೆ ಕೊಟ್ಟಿದ್ದರು. ಒಣಗಿಸದೆಯೇ ಚೇಚಿಯ ಜೊತೆ ನಾನೂ ಅದನ್ನು ಗೋದಲಿಗೆ ತುಂಬಿಸಿದೆ. ಕಾಲು ಗಂಟೆಯಾಗಿರಬೇಕು. ದೊಡ್ಡ ಆಡಿನ ಕಾಲು ನಡುಗಿತು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಾ ಕುಸಿಯಿತು. ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ನಾನು ಅದರ ಬೆನ್ನು ತಟ್ಟುತ್ತಿದ್ದೆ! ಅಷ್ಟರಲ್ಲಿ ಇನ್ನೆರಡು ಬಿದ್ದವು. ಬಿದ್ದದ್ದರ ಮೇಲೆಯೇ ಕಾಲಿಟ್ಟು ಪಕ್ಕದ ಆಡು ಸೊಪ್ಪು ಜಗಿಯುತ್ತಿತ್ತು. ಆ ಜಗಿಯುವ ಸದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಚೇಚಿ ಗೋದಲಿ ಮಗುಚಿದಳು. ನಾನು ಫೋನ್ ಹಿಡಿದು ನಿಂತಿದ್ದೆ.

ಪಶುವೈದ್ಯರು ಬರುವ ಹೊತ್ತಿಗೆ ಆರು ಸತ್ತಿದ್ದವು, ಉಳಿದ ಎಂಟೂ ನೆಲ ಹಿಡಿದಿದ್ದವು. ಸೊಪ್ಪು ನೋಡಿದವರೇ ಅಂದರು: “ಹಸಿಯದ್ದರಲ್ಲಿ ಸಯನೈಡ್ ಹುಟ್ಟುತ್ತೆ. ಬಿಸಿಲಿಗೆ ಹಾಕಿದರೆ ಇಳಿಯುತ್ತೆ. ನನ್ನ ಹತ್ತಿರ ಮೂರಕ್ಕಾಗುವಷ್ಟೇ ಔಷಧಿ ಇದೆ. ಯಾವುದಕ್ಕೆ ಕೊಡಲಿ?”

ಚೇಚಿ ನನ್ನ ಮುಖ ನೋಡಿದಳು. ಆಕೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದದ್ದು ಮನೆಗೆ ಹಾಲು ಕೊಡುತ್ತಿದ್ದ ಮುದಿ ಆಡು. ನಾನು ತಿರುವನಂತಪುರದ ಪಟ್ಟಿಯಲ್ಲಿದ್ದ ಮೂರು ಟ್ಯಾಗ್ ನಂಬರ್ ಹೇಳಿದೆ. ಆಕೆ ತಡೆಯಲಿಲ್ಲ.

ಉಳಿದದ್ದು ಆ ಮೂರೇ. ವೈದ್ಯರ ವರದಿ ಹಿಡಿದು ನಾನೇ ತಿರುವನಂತಪುರಕ್ಕೆ ಹೋದೆ. ಇದು ಸೋಂಕಲ್ಲ, ವಿಷ ಎಂದು ವಿವರಿಸಿದೆ. ಫಾರ್ಮಿನ ಮ್ಯಾನೇಜರ್ ಕಾಗದ ಮಡಚಿ ಹಿಂದಿರುಗಿಸಿದರು. “ಸತ್ತ ಹಿಂಡಿನದ್ದು ನಮಗೆ ಬೇಡ ಮೇಡಂ.” ಮರುವಾರ ಆ ಮೂರೂ ಕಸಾಯಿಗೆ ಹೋದವು.

ತಪ್ಪು ನನ್ನದು ಎಂದು ಚೇಚಿಗೆ ಹೇಳಲು ಹೋದೆ. ಆಕೆ ಕೊಟ್ಟಿಗೆ ತೊಳೆಯುತ್ತಿದ್ದಳು.

“ನೀನು ಯಾಕೆ ಅಂತ ಕೇಳಿದ್ದೆಯಲ್ಲ ಮೋಳೇ. ಹೇಳೋಕೆ ನನಗೆ ತಿಳೀಲಿಲ್ಲ. ಅಮ್ಮ ಇದ್ದಾಗಲೇ ಕೇಳಿಟ್ಟುಕೊಳ್ಳಬೇಕಿತ್ತು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಾರಣ ಹೇಳಲು ಬಾರದ ಕೆಲಸಕ್ಕೆ ಕಾರಣವೇ ಇಲ್ಲವೆಂದು ನಾನು ಬರೆದುಕೊಟ್ಟಿದ್ದೆ. ಈಗ ಯಾವ ಯೋಜನೆಯಲ್ಲೂ ಅಂಥ ಕೆಲಸದ ಸಾಲನ್ನು ತಿಳಿದವರನ್ನು ಕೇಳದೆ ಹೊಡೆದುಹಾಕುವುದಿಲ್ಲ. ಈ ವೃತ್ತಿ ಕಲಿಸಿದ ಪಾಠ ಅದು. ಕಲಿತದ್ದು ನಾನು, ಕಳೆದುಕೊಂಡದ್ದು ಲೀಲಚೇಚಿ. ಆಕೆಯ ಕೊಟ್ಟಿಗೆಯಲ್ಲಿ ಇವತ್ತು ಯಾರೋ ಕಂಟ್ರಾಕ್ಟರ್‌ನ ಕಬ್ಬಿಣದ ಪೈಪುಗಳಿವೆ.